ಬಾವಿ ತೋಡುವ ಸಣ್ಣೀರ ಮತ್ತು ರಾಣಿಯ ಕೊನೆಯ ಮಾತು

"ಕೇಳ್ರಪ್ಪೋ ಕೇಳ್ರಿ! ಕರಿಬೆಟ್ಟದ ಮಹಾರಾಜ ವೀರಮಲ್ಲರ ಅಪ್ಪಣೆ! ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಕೈಹಿಡಿಯುವ ಭಾಗ್ಯ! ಬಿಡಿಸಲಾರದವನಿಗೆ ಅರಮನೆ ಹಿತ್ತಲ ಪಾಳುಬಾವಿ!"

ಆ ತಮಟೆ ಎಂಥದ್ದು ಅಂತೀರಿ! ಅದರ ಸದ್ದಿಗೆ ಏಳು ಊರಾಚೆ ಕಾಯಿಸಿಟ್ಟ ಹಾಲು ಒಡೆದುಹೋಯಿತು. ಮೂವತ್ತು ವರ್ಷದಿಂದ ಕಿವಿ ಕೇಳದ ಮುದುಕಿಯೊಬ್ಬಳು "ಯಾರ್ಲಾ ಅದು ಬಡ್ಕೊಳ್ಳೋನು" ಎಂದು ಎದ್ದು ಕೂತಳು. ಸಾರುವವರು ಅಷ್ಟು ಜೋರು. ಆದರೆ ಸಾರಿಸಿದ ರಾಜನ ಮನೆಯಲ್ಲಿ ಮಾತ್ರ ಸೊಲ್ಲಿಲ್ಲ. ರಾಣಿ ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನಿಂದ ರಾಜ ನಕ್ಕಿರಲಿಲ್ಲ. ಅರಮನೆಯ ಗಿಳಿಗೂ ಮಾತು ಮರೆತುಹೋಗಿತ್ತು.

ಏಳು ಜನ ಬಂದರು. ಏಳೂ ಜನ ಸೋತು ಬಾವಿಗಿಳಿದರು, ಒಬ್ಬನೂ ತಿರುಗಿ ಬರಲಿಲ್ಲ. ಹಗ್ಗ ಬಿಡುವ ಆಳು ಅಳುತ್ತ ಓಡಿಹೋದ. ಅವನ ಜಾಗಕ್ಕೆ ಎಳೆದುತಂದದ್ದು ಬಾವಿ ತೋಡುವ ಸಣ್ಣೀರನನ್ನು. ಹೆಸರಿಗೆ ತಕ್ಕಂತೆ ಸಣ್ಣವನೇ. ಜೋರಾಗಿ ಗಾಳಿ ಬೀಸಿದರೆ ಹಾರಿಹೋಗದಿರಲೆಂದು ಸೊಂಟಕ್ಕೆ ಗುದ್ದಲಿ ಕಟ್ಟಿಕೊಂಡು ನಡೆಯುತ್ತಾನೆ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಆ ಬೆಳಗ್ಗೆ ಬಂದ ಎಂಟನೆಯವನು ಅತ್ತರಿನ ವ್ಯಾಪಾರಿಯ ಮಗ ಪಾರೀಶಯ್ಯ. ಸಣ್ಣೀರ ಹಗ್ಗ ಹಿಡಿದು ಬಾವಿಕಟ್ಟೆಯ ಪಕ್ಕ ನಿಂತಿದ್ದ. ರಾಜ ನೆಲ ನೋಡುತ್ತಲೇ ಕೇಳಿದ:

"ನೊಣ ಕೂತರೆ ಅಲ್ಲಿ ಕೂರುತ್ತದೆ, ಕೋಪ ಬಂದರೂ ಅಲ್ಲೇ ಬರುತ್ತದೆ, ಆಣೆ ಇಟ್ಟರೂ ಅಲ್ಲೇ ಇಡುತ್ತಾರೆ. ಎಲ್ಲಿ?"

"ಮೂಗು!" ಎಂದ ಪಾರೀಶಯ್ಯ ಥಟ್ಟನೆ.

"ಉಣ್ಣದೆ ಅದು ಬರುವುದಿಲ್ಲ, ಮದುವೆಯಾಗದೆ ಬರುವುದಿಲ್ಲ, ಸಾಯದೆ ಬರುವುದಿಲ್ಲ. ಯಾವುದು?"

"ನಿದ್ದೆ, ಮಹಾಸ್ವಾಮಿ."

"ಮದುವೆಯಾದರೆ ನಿದ್ದೆ ಬರುತ್ತದೆ ಎಂದು ನಿನಗೆ ಯಾರಯ್ಯ ಹೇಳಿದವರು?" ರಾಜನ ದನಿಯಲ್ಲಿ ತಮಾಷೆ ಇರಲಿಲ್ಲ. "ಎರಡೂ ತಪ್ಪು. ಇಳಿಸಿ."

ಸಣ್ಣೀರ ಮೊದಲು ಹಗ್ಗಕ್ಕೆ ಒಂದು ದೀಪ ಕಟ್ಟಿ ಬಾವಿಗೆ ಬಿಟ್ಟ. ಯಾವ ಬಾವಿಗಾದರೂ ಅವನು ಮಾಡುತ್ತಿದ್ದ ಮೊದಲ ಕೆಲಸ ಅದು. ದೀಪ ಎರಡಾಳುದ್ದ ಇಳಿದು ಪಕ್ಕನೆ ಆರಿತು.

"ಕೆಟ್ಟ ಗಾಳಿ, ಬುದ್ಧಿ," ಎಂದ. "ಇವರನ್ನ ನಾನು ಇಳ್ಸಕಿಲ್ಲ."

"ಹಾಗಾದರೆ ಉತ್ತರ ನೀನು ಹೇಳು. ಹೇಳದಿದ್ದರೆ ಅವನಿಗಿಂತ ಮೊದಲು ನೀನು."

ಪಾರೀಶಯ್ಯ ಸಣ್ಣೀರನ ತೋಳು ಹಿಡಿದು, "ಹೇಳೋ ತಮ್ಮಾ, ಏನಾದರೂ ಹೇಳೋ," ಎಂದು ಅಳತೊಡಗಿದ. ಸಣ್ಣೀರ ಬಾವಿಯ ಕತ್ತಲನ್ನೇ ನೋಡಿದ. ಅಲ್ಲಿಂದ ಬಂದಂತೆ ಒಂದು ಮಾತು ಅವನಿಗೆ ನೆನಪಾಯಿತು.

"ನೊಣ ಮೈ ಮೇಲೆ ಕೂರ್ತದೆ, ಕೋಪ ಹೆಂಡ್ರ ಮೇಲೆ ಬರ್ತದೆ, ಆಣೆ ಮಕ್ಳ ಮೇಲೆ ಇಡ್ತಾರೆ. ಎಲ್ಲಿ ಅಂದ್ರೆ ಮೇಲೆ, ಬುದ್ಧಿ."

ರಾಜ ಮೊದಲ ಸಲ ತಲೆಯೆತ್ತಿದ. "ಎರಡನೆಯದು?"

"ಅದೂ ಮೇಲೇನೇ. ಉಂಡ ಮೇಲೆ, ಮದ್ವೆ ಆದ ಮೇಲೆ, ಸತ್ತ ಮೇಲೆ."

ಮೂರನೆಯ ಒಗಟನ್ನು ಅಂದಿನವರೆಗೆ ಯಾರೂ ಕೇಳಿರಲಿಲ್ಲ. ರಾಜ ಮೆಲ್ಲಗೆ ಹೇಳಿದ:

"ರಾಣಿ ಸಾಯುವಾಗ ಅವಳ ಕೈ ಹಿಡಿದುಕೊಂಡು, ನಾನೂ ನಿನ್ನ ಹಿಂದೆಯೇ ಬರುತ್ತೇನೆ ಎಂದೆ. ಅವಳು 'ಮೇಲೆ' ಎಂದಳು. ಅಷ್ಟೇ. ಕಣ್ಣು ಮುಚ್ಚಿದಳು. ಉಪ್ಪರಿಗೆಯಲ್ಲಿ ಏನೋ ಇಟ್ಟಿದ್ದಾಳೆಂದು ಹಲಗೆ ಹಲಗೆ ಕೀಳಿಸಿದೆ. ನನ್ನ ಮೇಲೆ ಕೋಪವಿತ್ತೋ ಎಂದು ಬೆಂದೆ. ಆಮೇಲೆ ಬಾ ಎಂದಳೋ ಎಂದು ಕಾದು ಕೂತಿದ್ದೇನೆ. ಏನೆಂದಳು ಅವಳು?"

ಸಣ್ಣೀರ ಹಗ್ಗವನ್ನು ನೆಲಕ್ಕಿಟ್ಟ.

"ಬಾವಿ ಒಳಗಿರೋನಿಗೆ ಮೂರೇ ಮಾತು ಬುದ್ಧಿ. 'ಬಿಡು' ಅಂದ್ರೆ ಹಗ್ಗ ಬಿಡು. 'ಎಳಿ' ಅಂದ್ರೆ ಎಳಿ. ಗಾಳಿ ಕೆಟ್ಟು ಉಸ್ರು ಕಟ್ಟಿದಾಗ ಮಾತ್ರ 'ಮೇಲೆ' ಅಂತಾನೆ. ನೀನು ಮೇಲೇ ಇರು, ನನ್ನ ಹುಡುಕ್ಕೊಂಡು ಇಳೀಬೇಡ ಅಂತ. ನಮ್ಮಪ್ಪ ಹಂಗೆ ಕೂಗ್ದ. ನಮ್ಮಣ್ಣನಿಗೆ ಕೆಲಸ ಹೊಸ್ದು, 'ಮೇಲೆತ್ತು' ಅಂದ ಅಂದ್ಕೊಂಡ. ಅಪ್ಪ ಹಗ್ಗ ಹಿಡೀಲಿಲ್ಲ, ಅಣ್ಣ ತಾನೇ ಎತ್ಕೊಂಡು ಬತ್ತೀನಿ ಅಂತ ಇಳಿದ. ಇಬ್ರೂ ಬರಲಿಲ್ಲ."

"ರಾಣಿಗೆ ಬಾವಿ ಕೆಲಸ ಗೊತ್ತಿರಲಿಲ್ಲವಲ್ಲೋ."

"ಯಾಕೆ ಗೊತ್ತಿರಬೇಕು ಬುದ್ಧಿ? ಕೆಳಕ್ಕೆ ಹೋಗ್ತಿರೋರು, ನಾನೂ ಬತ್ತೀನಿ ಅನ್ನೋರಿಗೆ ಇನ್ನೇನು ಹೇಳ್ತಾರೆ?"

ರಾಜ ಬಾವಿಕಟ್ಟೆಯ ಮೇಲೆ ಕುಸಿದು ಕೂತು ಮೂರು ವರ್ಷದ ಅಳುವನ್ನು ಒಟ್ಟಿಗೆ ಅತ್ತ. ರಾಜಕುಮಾರಿ ಬಂದು ಪಕ್ಕ ನಿಂತಳು. "ಅಪ್ಪಾಜಿ, ಇದನ್ನು ನನ್ನನ್ನು ಕೇಳಬಹುದಿತ್ತು. ನೀವು ಇರಬೇಕೆಂದು ನಾನೂ ದಿನಾ ಹೇಳುತ್ತಲೇ ಇದ್ದೆ," ಎಂದಳು. ಬಾವಿಯತ್ತ ನೋಡಿ, "ಏಳು ಜನ," ಎಂದಳು.

"ಅರ್ಧ ರಾಜ್ಯ ನಿನ್ನದು," ಎಂದ ರಾಜ.

"ಮೊದ್ಲು ಕೆಳಗಿರೋರನ್ನ ಅವ್ರವ್ರ ತಾಯಂದಿರಿಗೆ ಕೊಡನ ಬುದ್ಧಿ."

ಸೊಪ್ಪಿನ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ ದಿನವೆಲ್ಲ ಇಳಿಸಿ ಎತ್ತಿ ಗಾಳಿಯಾಡಿಸಿದರು. ಮರುದಿನ ದೀಪ ಆರದೆ ತಳ ಮುಟ್ಟಿತು. ಸಣ್ಣೀರ ಇಳಿದ. ಹಗ್ಗ ಹಿಡಿದವನು ರಾಜ. ಏಳು ಸಲ "ಎಳಿ" ಎಂಬ ಕೂಗು ಬಂತು, ಏಳು ಸಲ ಅವನು ಎಳೆದ. ಅಂಗೈ ಸುಲಿದು ಹಗ್ಗ ಕೆಂಪಾಯಿತು. ಒಬ್ಬೊಬ್ಬರ ಮುಖವನ್ನೂ ನೋಡಿದ.

ಎಂಟನೆಯ ಸಲ, ಸಣ್ಣೀರ ತಾನೇ ಬರಬೇಕಾದಾಗ, ಕೂಗು ಬರಲಿಲ್ಲ. ರಾಜ ತಡೆಯಲಾರದೆ ಕಟ್ಟೆಯಾಚೆ ಒಂದು ಕಾಲು ಹಾಕಿದ.

"ಮೇಲೆ!" ಎಂದಿತು ಒಳಗಿನ ದನಿ, ಗದರಿದ ಹಾಗೆ.

ರಾಜ ಕಾಲು ಹಿಂದಕ್ಕೆ ತೆಗೆದ. ಒಂದು ಉಸಿರಿನ ನಂತರ, "ಎಳಿ."

ಎಳೆದ.

ಆ ಏಳು ಜನರ ಸೂತಕದ ವರ್ಷ ಕಳೆದು ಸಣ್ಣೀರನಿಗೂ ರಾಜಕುಮಾರಿಗೂ ಮದುವೆಯಾಯಿತು. ಚಪ್ಪರ ಎಷ್ಟು ಉದ್ದವಿತ್ತೆಂದರೆ, ಈ ತುದಿಯಲ್ಲಿ ಬಡಿಸಿದ ಬಿಸಿ ಅನ್ನ ಆ ತುದಿ ಮುಟ್ಟುವಷ್ಟರಲ್ಲಿ ತಂಗಳಾಗಿತ್ತು. ಏಳು ಮನೆಯವರಿಗೂ ಕರೆ ಹೋಗಿತ್ತು, ಯಾರೂ ಬರಲಿಲ್ಲ. ಅವರ ಏಳು ಎಲೆಗಳ ಮುಂದೆ ರಾಜ ಉಣ್ಣದೆ ಕೂತಿದ್ದ. ಹೇಗಿದ್ದೀರಿ ಎಂದು ಯಾರೋ ಕೇಳಿದರು.

"ಇನ್ನೂ ಮೇಲಿದ್ದೀನಪ್ಪ," ಎಂದ.