ಗೋಡೆಯಿಲ್ಲದ ಬಾಗಿಲು

ಒಂದಾನೊಂದು ಊರಿನಲ್ಲಿ, ಕೇಳಿ, ಗೋಡೆಯೇ ಇರಲಿಲ್ಲ. ರಾಜನ ಉಗ್ರಾಣವೇ ಎಲ್ಲವನ್ನೂ ಕೊಳ್ಳುತ್ತಿತ್ತು, ಉಗ್ರಾಣವೇ ಮಾರುತ್ತಿತ್ತು. ಒಂದು ಬೆಳಿಗ್ಗೆ ರಾಜನಿಗೆ ಏನು ಹೊಳೆಯಿತೋ, ಉಗ್ರಾಣ ಮುಚ್ಚಿಸಿ, ಇನ್ನು ಯಾರು ಬೇಕಾದರೂ ವ್ಯಾಪಾರ ಮಾಡಿ ಎಂದು ಡಂಗುರ ಸಾರಿಸಿದ.

ಊರಾಚೆ ಗಾಣ ಹಾಕಿಕೊಂಡಿದ್ದ ನೀಲವ್ವ ಹಿಗ್ಗಿದಳು. ಇನ್ನು ತನ್ನ ಎಣ್ಣೆಯನ್ನು ತಾನೇ ಸಂತೆಯಲ್ಲಿ ಮಾರಬಹುದು.

ಅಷ್ಟರಲ್ಲಿ ಕಡಲಾಚೆಯ ಸಾಹುಕಾರನೊಬ್ಬ ಬಂದ. ನಮ್ಮ ದೇಶದಲ್ಲಿ ಸಂತೆಗೊಂದು ಬಾಗಿಲಿದೆ, ನಿಮಗೆ ಅದೂ ಇಲ್ಲವೇ ಎಂದು ಮೂಗು ಮುರಿದ. ರಾಜ ನಾಚಿ ನೀರಾದ. ಅವನಿಂದಲೇ ಬಾಗಿಲು ತರಿಸಿ ಊರ ಮುಂದಿನ ಬಟ್ಟಬಯಲಲ್ಲಿ ನಿಲ್ಲಿಸಿದ. ಆಚೆ ಬಯಲು, ಈಚೆ ಬಯಲು, ನಡುವೆ ಬಾಗಿಲು. ಊರಿನವರು ಬಾಗಿಲಿನಿಂದಲೇ ಬರಬೇಕು, ಹೊರದೇಶದವರು ಅತಿಥಿಗಳು, ಪಕ್ಕದಿಂದ ಬರಲಿ ಎಂದು ಕಟ್ಟಳೆ ಮಾಡಿದ. ಥೂ, ಇವನ ಬುದ್ಧಿಗಿಷ್ಟು!

ನೀಲವ್ವ ಎಣ್ಣೆಯ ಕೊಡ ಹೊತ್ತು ಬಂದಳು.

"ನನ್ನ ಕೀಲು ತುಕ್ಕು ಹಿಡಿದಿದೆ. ಎಣ್ಣೆ ಬಿಡದೆ ತೆರೆಯಲಾರೆ," ಎಂದಿತು ಬಾಗಿಲು.

"ಎಣ್ಣಿ ನನ್ನ ತಲೀ ಮ್ಯಾಲೇ ಐತಿ."

"ಅದಿನ್ನೂ ಒಳಗೆ ಬಂದಿಲ್ಲ. ಒಳಗೆ ಬಾರದ್ದು ಎಣ್ಣೆಯಲ್ಲ."

ಎಣ್ಣೆಯಲ್ಲದ ಆ ಎಣ್ಣೆಯನ್ನು ಸಾಹುಕಾರ ಅಗ್ಗಕ್ಕೆ ಕೊಂಡ. ಬಾಗಿಲಿನ ಪಕ್ಕದಿಂದ ನಡೆದ. ಕಡಲಾಚೆಯ ಎಣ್ಣೆ ಎಂದು ಕೂಗಿ, ಬಾಯಿಗೆ ಬಂದ ಬೆಲೆಗೆ ರಾಜನಿಗೇ ಮಾರಿದ. ರಾಜ ಅಷ್ಟನ್ನೂ ಮೀಸೆಗೆ ಹಚ್ಚಿಕೊಂಡ. ಬಾಗಿಲಿಗೆ ಒಂದು ತೊಟ್ಟೂ ಉಳಿಯಲಿಲ್ಲ. ನೀಲವ್ವನ ಮೈಯೆಲ್ಲ ಉರಿದುಹೋಯಿತು; ಇನ್ನೊಂದು ಕೊಡ ಎಣ್ಣೆ ಹೊತ್ತು ತಂದು ಅದೇ ಬಾಗಿಲ ಮುಂದೆ ನಿಂತಳು.

ಬಾಗಿಲಾಚೆ ಸಿಕ್ಕಿಬಿದ್ದ ಊರಿನ ಕುಂಬಾರ ಉಪಾಯ ಹೂಡಿದ. ತಾನು ಹೊರದೇಶದವನೆಂದು ಬರೆದುಕೊಟ್ಟು ಪಕ್ಕದಿಂದ ಹೋದ. ಅವನ ಹಿಂದೆ ನೇಕಾರ. ನೇಕಾರನ ಹಿಂದೆ ಊರಿಗೆ ಊರೇ. ಕೊನೆಗೆ ಬೇಟೆಗೆ ಹೋಗಿದ್ದ ರಾಜನೂ ಬಾಗಿಲ ಮುಂದೆ ನಿಂತ. ಹೊಟ್ಟೆ ಚುರುಗುಟ್ಟಿತು. ತಾನೂ ಹೊರದೇಶದವನೇ ಎಂದು ಒಪ್ಪಿಕೊಂಡು ನುಸುಳಿದ.

ಉಳಿದವಳು ನೀಲವ್ವ ಒಬ್ಬಳೇ. ನೀನೂ ಒಂದು ಸುಳ್ಳು ಹೇಳಿಬಿಡು, ಗಂಟೇನು ಹೋಗುತ್ತದೆ ಎಂದು ರಾಜ ಕೂಗಿದ.

"ಹುಟ್ಟಿದ ಊರಿಗೆ ಹೊರಗಿನಾಕಿ ಆಗಿ ಬರಂಗಿಲ್ಲ, ದೊರಿ," ಎಂದಳು ನೀಲವ್ವ. "ಈಗ ಊರಿನಾಕಿ ಅಂತ ಉಳದಾಕಿ ನಾ ಒಬ್ಬಾಕಿ. ನಾ ಎಲ್ಲಿ ನಿಂತೀನೋ ಅದೇ ಊರು. ನೀವೆಲ್ಲಾ ಹೊರಗಿನವ್ರು."

ಬಾಗಿಲು ಯೋಚಿಸಿತು. ಅವಳು ನಿಂತದ್ದೇ ಊರಾದರೆ ಅವಳ ಕೊಡ ಒಳಗಿದೆ. ಒಳಗಿದ್ದರೆ ಅದು ಎಣ್ಣೆ.

"ಒಂದು ತೊಟ್ಟು ಬಿಡು ತಾಯಿ," ಎಂದಿತು.

ನೀಲವ್ವ ಬಿಡಲಿಲ್ಲ. ಗಾಣದ ಮುಂದೆಯೇ ಸಂತೆ ಹೂಡಿದಳು.

ನೀತಿ ಬೇಕೇ? ಕತೆ ಮುಗಿಯಿತು, ಏಳಿ. ದಾರಿಯಲ್ಲಿ ಬಾಗಿಲು ಸಿಕ್ಕರೆ, ಕೈ ಮುಗಿಯುವ ಮೊದಲು ಗೋಡೆ ಇದೆಯೇ ನೋಡಿಕೊಳ್ಳಿ.