ಕಂಚುಗಾರರ ಬೀದಿಯಲ್ಲಿ ಕೇಳಿದವನು

“ಬುದ್ಧಿ, ಏನೂ ಬಾರದವನಿಗೆ ಯಾರೂ ಕೆಲಸ ಕೊಡುವುದಿಲ್ಲ. ಕೆಲಸ ಮಾಡದೆ ಏನೂ ಬರುವುದಿಲ್ಲ. ಹಾಗಾದರೆ ನನ್ನಂಥವನು ಮೊದಲ ಹೆಜ್ಜೆ ಇಡುವುದು ಎಲ್ಲಿ?”

ಹೀಗೆಂದವನು ಪಂಚಾಕ್ಷರಿ. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಇದ್ದುಕೊಂಡು ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದುತ್ತಿದ್ದ. ಅದು ಕೊನೆಯ ವರ್ಷ. ಈ ರಜೆಯೊಳಗೆ ಎಲ್ಲಾದರೂ ಇಂಟರ್ನ್‌ಶಿಪ್ ಮುಗಿಸದಿದ್ದರೆ ಪದವಿ ಕೈಗೆ ಬರುವಂತಿರಲಿಲ್ಲ. ಗೆಳೆಯರಲ್ಲಿ ಹೆಚ್ಚಿನವರು ಆಗಲೇ ಎಲ್ಲೆಲ್ಲೋ ಸೇರಿಕೊಂಡಿದ್ದರು. ಇವನು ಮಾತ್ರ ಬಯೋಡೇಟಾ ಹಿಡಿದುಕೊಂಡು ಇನ್ನೂ ಅಲೆಯುತ್ತಿದ್ದ. ಸಂಜೆಯ ಪ್ರಾರ್ಥನೆ ಮುಗಿದು ಉಳಿದವರೆಲ್ಲ ಪ್ರಸಾದಕ್ಕೆ ಎದ್ದು ಹೋದರೂ ಅವನು ಏಳಲಿಲ್ಲ. ಹಸಿವೇ ಸತ್ತುಹೋಗಿತ್ತು.

“ಎಲ್ಲೆಲ್ಲಿಗೆ ಹೋಗಿದ್ದೆ?” ಎಂದರು ಮಠದ ಗುರುಗಳು.

“ಹೋಗದ ಜಾಗವಿಲ್ಲ ಬುದ್ಧಿ. ಬಿಸ್ಕತ್ತು ಕಾರ್ಖಾನೆ, ಹಾಲಿನ ಡೇರಿ, ಉಪ್ಪಿನಕಾಯಿ ಮಾಡುವವರು, ಎಲ್ಲ ಕಡೆಯೂ ಕೈಮುಗಿದು ಕೇಳಿದೆ. ನೋಡೋಣ ಎಂದು ಸಾಗಹಾಕಿದರು. ನಿನ್ನೆ ಕೊಬ್ಬರಿ ಪುಡಿ ಕಾರ್ಖಾನೆಯ ಯಜಮಾನರು ಒಳಗೆ ಕರೆದು ಕೂರಿಸಿದರು. ಇನ್ನೇನು ಸಿಕ್ಕೇಬಿಟ್ಟಿತು ಅಂದುಕೊಂಡೆ. ಅವರು ತಮ್ಮ ಕಾರ್ಖಾನೆಯದೇ ಏನೋ ತಾಪತ್ರಯ ಹೇಳಿಕೊಳ್ಳುತ್ತ ಕೂತರು. ಮುಗಿಸುವವರೆಗೂ ಕಾದಿದ್ದು ಮತ್ತೆ ಕೇಳಿದೆ. ಅವರೂ ನೋಡೋಣ ಎಂದರು.”

ಆಗ ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಕಂಚುಗಾರರ ಬೀದಿಯಿತ್ತು. ಆ ಬೀದಿಯವರು ಗಂಟೆಗಳನ್ನು ಎರಕ ಹೊಯ್ಯುವವರು. ದೂರದ ಹಳ್ಳಿಯ ಯುವಕನೊಬ್ಬನಿಗೆ ಆ ಕಸುಬು ಕಲಿಯುವ ಆಸೆ ಹುಟ್ಟಿತು. ಅದೇನು ಮೇಲುಮೇಲಿನ ಆಸೆಯಲ್ಲ. ಗಂಟೆಯ ನಾದ ಕಿವಿಗೆ ಬಿದ್ದರೆ ಸಾಕು, ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದ. ಮನೆಯವರು ಒಂದು ಮಾತು ಹೇಳಿ ಕಳಿಸಿದರು. ಮಳೆಗಾಲ ಹಿಡಿಯುವುದರೊಳಗೆ ಯಾರಾದರೂ ಸೇರಿಸಿಕೊಂಡರೆ ಸರಿ, ಇಲ್ಲವಾದರೆ ಸೋದರಮಾವನ ಗಾಣಕ್ಕೆ ಹೋಗಿ ಎತ್ತು ಹೊಡೆಯಬೇಕು. ಮಳೆ ಹಿಡಿದರೆ ಮಣ್ಣಿನ ಅಚ್ಚು ಒಣಗುವುದಿಲ್ಲ. ಕಂಚುಗಾರರು ಕುಲುಮೆ ಆರಿಸಿಬಿಡುತ್ತಾರೆ.

ಯುವಕ ದಾರಿಯುದ್ದಕ್ಕೂ ತಾನು ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡ. ಕುಲುಮೆಯ ತಿದಿ ಒತ್ತುತ್ತೇನೆ, ಇದ್ದಿಲು ಹೊರುತ್ತೇನೆ, ಹೇಳಿದ್ದಕ್ಕೆ ಎದುರಾಡುವುದಿಲ್ಲ, ಹೀಗೆ. ಅವನು ಮೊದಲ ಮನೆಯ ಬಾಗಿಲಿಗೆ ಬಂದಾಗ ಕಂಚುಗಾರ ಹೊಸ ಗಂಟೆಯೊಂದನ್ನು ಅಚ್ಚಿನಿಂದ ಬಿಡಿಸಿ ತೊಲೆಗೆ ತೂಗುಹಾಕಿದ್ದ. ಬಂದ ಕಾರಣ ಕೇಳಿ ತಿಳಿದುಕೊಂಡ. ಗಂಟೆಗೆ ಒಂದೇಟು ಹಾಕಿ, “ಕೇಳು” ಎಂದ.

ಯುವಕನಿಗೆ ಹೊಳೆದದ್ದು ಒಂದೇ ಅರ್ಥ. ಬೇಕಾದ್ದನ್ನು ಕೇಳಿಕೋ ಎನ್ನುತ್ತಿದ್ದಾರೆ ಎಂದುಕೊಂಡ. ಬೇಡುವುದಕ್ಕೆಂದೇ ಬಂದವನ ತಲೆಗೆ ಬೇರೆ ಅರ್ಥ ಹೇಗೆ ಹೊಕ್ಕೀತು, ಪಾಪ. ನಾದ ಇನ್ನೂ ಅಡಗಿರಲಿಲ್ಲ. ಅವನು ಕೈಮುಗಿದು ಬಾಯಿಪಾಠವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಕಂಚುಗಾರ ಅವನ ಮುಖ ನೋಡಿದ. ಗಂಟೆಯ ಮೇಲೆ ಅಂಗೈಯಿಟ್ಟು ನಾದವನ್ನು ನಿಲ್ಲಿಸಿದ. ಆಗಲಿ, ನೋಡೋಣ ಎಂದ.

ಮುಂದಿನ ಮನೆಯಲ್ಲೂ ಹೀಗೆಯೇ ಆಯಿತು, ಅದರ ಮುಂದಿನದರಲ್ಲೂ ಅಷ್ಟೆ. ಎಲ್ಲರೂ ಗಂಟೆ ಬಾರಿಸಿದರು, ಎಲ್ಲರೂ ಕೇಳು ಎಂದರು. ಯುವಕ ಒಂದೊಂದು ಬಾಗಿಲಲ್ಲೂ ಇನ್ನಷ್ಟು ಚೆನ್ನಾಗಿ ಕೇಳಿದ. ಮಾತಿಗೆ ಮಾತು ಸೇರಿಸಿದ, ದನಿ ಏರಿಸಿದ, ಒಂದು ಕಡೆ ಕಣ್ಣೀರನ್ನೂ ಹಾಕಿದ. ಬೀದಿ ಮುಗಿಯಿತು. ಈ ಊರಿನವರ ಎದೆಯೂ ಕಂಚಿನದೇ ಎಂದು ಬೈದುಕೊಂಡ.

ಯಾರಾದರೂ ಕರೆದಾರು ಎಂದು ಊರ ಛತ್ರದಲ್ಲಿ ಕಾದ. ಯಾರೂ ಕರೆಯಲಿಲ್ಲ. ಮಳೆ ಹಿಡಿಯಿತು. ಗಂಟು ಕಟ್ಟಿಕೊಂಡು ಹೊರಟವನು ನೆನೆಯಲಾರದೆ ಮೊದಲ ಮನೆಯ ಜಗಲಿಯಲ್ಲೇ ನಿಂತ. ಒಳಗೆ ಕುಲುಮೆ ಆರಿತ್ತು. ಕಂಚುಗಾರ ಕೈಕಟ್ಟಿ ಕುಳಿತಿದ್ದ. ಅವನ ಪಕ್ಕದಲ್ಲಿ ಬಿರುಕು ಬಿಟ್ಟ ಗಂಟೆಯೊಂದು ಬೋರಲಾಗಿ ಬಿದ್ದಿತ್ತು.

“ಅವತ್ತು ಬಂದವನು ನೀನೇ ಅಲ್ಲವೇನಪ್ಪ?” ಎಂದ ಕಂಚುಗಾರ. “ಈ ಗಂಟೆಯ ನಾದ ಹೇಗಿತ್ತು?”

“ಯಾವ ಗಂಟೆ ಯಜಮಾನರೇ?” ಎಂದ ಯುವಕ.

ಕಂಚುಗಾರನಿಗೆ ಸಿಟ್ಟೇನೂ ಬರಲಿಲ್ಲ. ದುಃಖವಾಯಿತು. “ವರ್ಷಗಟ್ಟಲೆ ಸುತ್ತಿಗೆಯ ಸದ್ದಿನಲ್ಲಿ ಕೂತು ನಮ್ಮ ಕಿವಿ ಮಂದವಾಗಿದೆ. ನಾದದ ಕೊನೆಯಲ್ಲಿ ಒಡಕಿದ್ದರೆ ನಮಗೆ ತಿಳಿಯುವುದಿಲ್ಲ. ಅದಕ್ಕೆ ಎಳೆಯ ಕಿವಿ ಬೇಕು. ಈ ಬೀದಿಗೆ ಕಲಿಯಲು ಬಂದವನಿಗೆ ಕೊಡುವ ಮೊದಲ ಕೆಲಸವೇ ಅದು. ಕೇಳು ಎಂದೆನಲ್ಲ. ನೀನು ಕೇಳಲಿಲ್ಲ. ಗಂಟೆ ಗುಡಿಗೆ ಹೋಯಿತು. ಮೊದಲ ಮಂಗಳಾರತಿಗೇ ಬಿರಿದು ವಾಪಸು ಬಂತು.”

ಕೇಳಿದೆನಲ್ಲ ಎನ್ನಲು ಯುವಕ ಬಾಯಿ ತೆರೆದ. ಆಡುವ ಮೊದಲೇ ಆ ಮಾತು ಅವನಿಗೇ ಕೇಳಿಸಿತು. ಬಾಯಿ ಮುಚ್ಚಿಕೊಂಡ. ಪ್ರತಿಯೊಂದು ಮನೆಯವರೂ ಅವನಿಗೆ ಕೆಲಸ ಕೊಟ್ಟಿದ್ದರು. ಅವನೇ ಮಾಡದೆ ಬಂದಿದ್ದ. ಆ ಮಳೆಗಾಲವೆಲ್ಲ ಅವನು ಸೋದರಮಾವನ ಗಾಣದಲ್ಲಿ ಎತ್ತಿನ ಹಿಂದೆ ಸುತ್ತಿದ. ಎತ್ತಿನ ಕೊರಳಲ್ಲೂ ಒಂದು ಗಂಟೆಯಿತ್ತು. ಅದನ್ನಾದರೂ ಕೇಳಿದನೋ ಇಲ್ಲವೋ ಗೊತ್ತಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಪಂಚಾಕ್ಷರಿಗೆ ಆ ಯುವಕನ ಮೇಲೆ ಕನಿಕರ ಬಂತು. ತನ್ನ ಸಂಕಟದ ನಡುವೆಯೂ ಸಣ್ಣಗೆ ನಗು ಬಂತು.

“ಎಂಥ ದಡ್ಡ ಅವನು, ಬುದ್ಧಿ! ಎದುರಿಗೇ ಗಂಟೆ ಬಾರಿಸಿದರೂ ಕೇಳಿಸಲಿಲ್ಲವೇ?”

ಗುರುಗಳು ನಗಲಿಲ್ಲ.

“ಕೊಬ್ಬರಿ ಪುಡಿ ಯಜಮಾನರ ಎದುರಿಗೆ ಕೂತು ನೀನು ಕೇಳಿದ್ದೇನು, ಪಂಚಾಕ್ಷರಿ?”