ಬೇಲಿಸಾಲಿನ ಬೇವು ನೆಟ್ಟವರು

ಸಣ್ಣತಾಯಮ್ಮ ಮೇಕೆಗಳಿಗೆಂದು ಹೊಲದ ಬೇಲಿಸಾಲಿನ ಬೇವಿನ ಸೊಪ್ಪು ಕೊಯ್ಯುತ್ತಿದ್ದಳು. ಪಕ್ಕದ ಹೊಲದ ಮರಿಗೌಡರು ಅದನ್ನು ತಡೆಯಲು ಊರ ಹಿರಿಯರನ್ನೇ ಕರೆತಂದರು.

“ಈ ಮರಗಳನ್ನ ನೆಟ್ಟಿದ್ದು ನಮ್ಮ ತಾತ. ನಮ್ಮ ಜಮೀನಿನ ಕೊನೆ ಅಂಚಿಗೆ ನಿಂತು ನೆಟ್ಟಿದ್ದು. ಒಂದೆಲೆ ಮುಟ್ಟಬೇಡ.”

ತಾಯಮ್ಮ ಮರಕ್ಕೇ ಕೈಮುಗಿದಳು. “ಎಂಥಾ ಪುಣ್ಯಾತ್ಮರು. ಅಂದ್ರೆ ನಿಮ್ಮ ಜಮೀನು ಈ ಬೇಲಿಗೇ ಮುಗೀತು. ಗಡಿ ಇನ್ನೂ ಮುಂದಿದೆ ಅಂತ ಹೋದ ವರ್ಷ ಬೇಲಿ ದಾಟಿ ನನ್ನ ಹೊಲದಲ್ಲಿ ದನದ ಕೊಟ್ಟಿಗೆ ಕಟ್ಟಿದ್ರಲ್ಲ, ಯಾವಾಗ ಕೀಳಿಸ್ತೀರಿ ಗೌಡ್ರೇ?”

ಹಿರಿಯರು ಕೊಟ್ಟಿಗೆಯತ್ತ ತಿರುಗಿದರು. ಗೌಡರು ತಾತನನ್ನು ಅಲ್ಲೇ ಕೈಬಿಟ್ಟರು.

“ತಾತ ಎಲ್ಲಿ ನೆಟ್ಟರು? ಹಕ್ಕಿಗಳು ಬೀಜ ಉದುರಿಸಿ ಬೆಳೆದ ಮರ ಇವು.”

“ಹಾಗಾದ್ರೆ ಸರಿ,” ಎಂದು ತಾಯಮ್ಮ ಕುಡುಗೋಲು ಎತ್ತಿಕೊಂಡಳು. “ಹಕ್ಕಿಗಳು ಬಂದು ಬೇಡ ಅಂದ ದಿನ ನಿಲ್ಲಿಸ್ತೀನಿ.”